ಯಾರಿಗೂ ಹೇಳಬೇಡಿ ಎನ್ನುವ ಪತ್ರ: ಸುಳ್ಳು ಲಾಟರಿಯ ಹಳೆಯ ಚರಿತ್ರೆ

ನಾನು ನಿವೃತ್ತನಾಗುವುದಕ್ಕೆ ಕೆಲವು ವರ್ಷ ಮೊದಲಿನ ಮಾತು. ಹಾಸನದ ಕಡೆಯ ಒಬ್ಬ ನಿವೃತ್ತ ಶಾಲಾ ಮೇಷ್ಟ್ರು ನನ್ನ ಬಳಿ ರಕ್ತದೊತ್ತಡಕ್ಕೆ ಔಷಧಿ ತೆಗೆದುಕೊಳ್ಳುತ್ತಿದ್ದರು. ಮಗ-ಸೊಸೆಯ ಜೊತೆ ನ್ಯೂಜೆರ್ಸಿಯಲ್ಲಿ ವಾಸ. ಎರಡು ವರ್ಷ ಹತೋಟಿಯಲ್ಲಿದ್ದ ಒತ್ತಡ ಇದ್ದಕ್ಕಿದ್ದಂತೆ ಏರಿತು. ವಿಚಾರಿಸಿದಾಗ ಔಷಧಿ ನಿಲ್ಲಿಸಿದ್ದಾರೆಂದು ತಿಳಿಯಿತು. ಕಾರಣ ಕೇಳಿದೆ. ಅವರು ಬಾಗಿಲ ಕಡೆ ನೋಡಿ, ಅಂಗಿಯ ಜೇಬಿನಿಂದ ನಾಲ್ಕು ಮಡಿಕೆ ಮಾಡಿದ ಒಂದು ಕಾಗದ ತೆಗೆದರು. ಮಿಂಚಂಚೆಯ ಮುದ್ರಿತ ಪ್ರತಿ. ಯೂರೋಪಿನ ಯಾವುದೋ ಲಾಟರಿಯಲ್ಲಿ ಅವರ ಇ-ಮೇಲ್ ವಿಳಾಸಕ್ಕೆ ಎಂಟು ಲಕ್ಷ ಡಾಲರ್ ಬಹುಮಾನ ಬಂದಿದೆ ಎಂದು ಅದರಲ್ಲಿತ್ತು. ಔಷಧಿಗೆಂದು ಮಗ ಕೊಡುತ್ತಿದ್ದ ಹಣವೂ, ಊರಿನ ಪಿಂಚಣಿಯಲ್ಲಿ ಉಳಿಸಿದ್ದೂ "ತೆರಿಗೆ", "ವಿಮೆ", "ದಾಖಲೆ ಶುಲ್ಕ" ಎಂದು ಮೂರು ಕಂತಿನಲ್ಲಿ ಹೋಗಿಯಾಗಿತ್ತು.

"ಮಗನಿಗೆ ಹೇಳಬೇಡಿ ಡಾಕ್ಟ್ರೇ" ಎಂದರು. ರೋಗಿಯ ಗುಟ್ಟು ಕಾಯುವುದು ನಮ್ಮ ವೃತ್ತಿಧರ್ಮ. ಇದು ಮೋಸ, ಇನ್ನು ಒಂದು ಡಾಲರನ್ನೂ ಕಳಿಸಬೇಡಿ ಮೇಷ್ಟ್ರೇ ಎಂದು ಹೇಳಿ, ಔಷಧಿ ಬರೆದುಕೊಟ್ಟು ಕಳಿಸಿದೆ. ಎರಡು ತಿಂಗಳ ಮೇಲೆ ಬಂದಾಗ ನಾಲ್ಕನೆಯ ಕಂತೂ ಹೋಗಿತ್ತು. ನಾನು ಕಾದ ಗುಟ್ಟಿನಿಂದ ಲಾಭವಾದದ್ದು ವಂಚಕರಿಗೆ. ಅವರ ಗುರುತು ಸಿಗದಂತೆ ವಿವರಗಳನ್ನು ಸ್ವಲ್ಪ ಬದಲಿಸಿದ್ದೇನೆ. ಆದರೆ ಆ ಪತ್ರದ ಕೊನೆಯಲ್ಲಿದ್ದ ಒಂದು ಸೂಚನೆ ನನ್ನನ್ನು ಈ ಚರಿತ್ರೆಯ ಕಡೆಗೆ ತಿರುಗಿಸಿತು: ಹಣ ಕೈಸೇರುವವರೆಗೆ ವಿಷಯವನ್ನು ಗುಟ್ಟಾಗಿಡಿ. ಈ ಸಾಲು ಎಷ್ಟು ಹಳೆಯದು ಎಂದು ಹುಡುಕುತ್ತಾ ಹೋದರೆ ಅದು ಕಂಪ್ಯೂಟರಿಗಿಂತ, ಟೆಲಿಫೋನಿಗಿಂತ ಹಿಂದಿನದು. ಅದರ ಚರಿತ್ರೆಯ ದೊಡ್ಡ ಪಾಲು ನಾವಿರುವ ನ್ಯೂಯಾರ್ಕ್ ಪ್ರದೇಶದ್ದೇ.

ಕಾಲೇಜು ಕಟ್ಟಿದ ಲಾಟರಿ

ಲಾಟರಿ ಎಂಬುದು ಈ ನಾಡಿನಲ್ಲಿ ಮೊದಲಿಂದಲೂ ಕೆಟ್ಟ ಹೆಸರಿನದಾಗಿರಲಿಲ್ಲ. ತೆರಿಗೆ ಹಾಕಲು ಅಧಿಕಾರವೂ ಧೈರ್ಯವೂ ಕಡಿಮೆಯಿದ್ದ ವಸಾಹತು ಕಾಲದಲ್ಲಿ ಸೇತುವೆ, ಚರ್ಚು, ಕಾಲೇಜುಗಳಿಗೆ ಹಣ ಕೂಡಿಸುವ ಗೌರವದ ದಾರಿ ಅದು. ಇಂದಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೂಲವಾದ ಕಿಂಗ್ಸ್ ಕಾಲೇಜಿಗೆ ಹಣ ಕೂಡಿಸಲು ನ್ಯೂಯಾರ್ಕಿನ ಶಾಸನಸಭೆ 1746ರಲ್ಲಿ ಲಾಟರಿಗೆ ಅನುಮತಿ ಕೊಟ್ಟಿತು. ನಮ್ಮಲ್ಲಿ ಅನೇಕರ ಮಕ್ಕಳು ಓದಿದ ರಟ್ಗರ್ಸ್ 1766ರಲ್ಲಿ ಕ್ವೀನ್ಸ್ ಕಾಲೇಜು ಎಂಬ ಹೆಸರಿನಲ್ಲಿ ಹುಟ್ಟಿತು. ಅದಕ್ಕೂ 19ನೇ ಶತಮಾನದ ಆರಂಭದಲ್ಲಿ ನ್ಯೂಜೆರ್ಸಿಯ ಶಾಸನಸಭೆ ಲಾಟರಿಯ ಅನುಮತಿ ನೀಡಿತ್ತು.

ಆದರೆ ಕ್ರಮೇಣ ಲಾಟರಿ ನಡೆಸುವುದು ಗುತ್ತಿಗೆದಾರರ ಕೈಗೆ ಹೋಯಿತು. ಹಣ ಕಾಲೇಜಿಗೆ ಹೋಗುವುದಕ್ಕಿಂತ ಹೆಚ್ಚಾಗಿ ದಲ್ಲಾಳಿಗಳಿಗೆ ಹೋಗತೊಡಗಿತು. ನ್ಯೂಯಾರ್ಕ್ 1821ರ ಸಂವಿಧಾನದಲ್ಲಿ ಹೊಸ ಲಾಟರಿಗಳನ್ನು ನಿಷೇಧಿಸಿ, 1833ರಲ್ಲಿ ಉಳಿದವನ್ನೂ ಮುಗಿಸಿತು. ನ್ಯೂಜೆರ್ಸಿ 1844ರ ಸಂವಿಧಾನದಲ್ಲಿ ಬಾಗಿಲು ಹಾಕಿತು. ಲಾಟರಿ ಹೋಯಿತು, ಅದರ ಆಸೆ ಹೋಗಲಿಲ್ಲ. ಖಾಲಿಯಾದ ಆ ಜಾಗಕ್ಕೆ ಸುಳ್ಳು ಲಾಟರಿ ಅಂಚೆಯ ಮೂಲಕ ಬಂತು.

ಅಂಚೆಯಲ್ಲಿ ಬಂದ ಬಹುಮಾನ

ಅಂತರ್ಯುದ್ಧ ಮುಗಿದ ಮೇಲೆ ರೈಲು ಹಬ್ಬಿತು, ಅಂಚೆ ಅಗ್ಗವಾಯಿತು. ನ್ಯೂಯಾರ್ಕಿನ ಒಂದು ಕೋಣೆಯಲ್ಲಿ ಕುಳಿತು ಅಯೋವಾದ ರೈತನಿಗೆ ಕಾಗದ ಬರೆಯುವುದು ಸುಲಭವಾಯಿತು. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಬೇಕಾಗಿಲ್ಲ. ಆ ಕಾಲದ ನ್ಯೂಯಾರ್ಕನ್ನು ವರ್ಣಿಸುವ ಪುಸ್ತಕಗಳಲ್ಲಿ "ಗಿಫ್ಟ್ ಎಂಟರ್‌ಪ್ರೈಸ್" ಎಂಬ ವ್ಯವಹಾರದ ವಿವರ ಸಿಗುತ್ತದೆ. ಹಳ್ಳಿಯವನಿಗೆ ಒಂದು ಕಾಗದ ಬರುತ್ತದೆ: ನಮ್ಮ ಡ್ರಾದಲ್ಲಿ ನಿಮಗೆ ಬಹುಮಾನ ಬಂದಿದೆ, ನಿಯಮದಂತೆ ಅದರ ಮೌಲ್ಯದ ಒಂದು ಸಣ್ಣ ಪಾಲನ್ನು ಮುಂಗಡ ಕಳಿಸಿದರೆ ಬಹುಮಾನ ರವಾನಿಸುತ್ತೇವೆ. ಹಣ ಹೋಗುತ್ತದೆ, ಬಹುಮಾನ ಬರುವುದಿಲ್ಲ. ಮೇಷ್ಟ್ರಿಗೆ ಬಂದ ಪತ್ರದಿಂದ "ಇ-ಮೇಲ್" ಎಂಬ ಪದ ತೆಗೆದರೆ ಉಳಿಯುವುದು ಇದೇ ಕಾಗದ.

ಅಂಚೆಯ ಮೂಲಕ ನಡೆಯುವ ವಂಚನೆಯನ್ನು ಕೇಂದ್ರ ಸರ್ಕಾರದ ಅಪರಾಧವಾಗಿ ಮಾಡಿದ ಮೊದಲ ಕಾನೂನನ್ನು ಅಮೆರಿಕದ ಕಾಂಗ್ರೆಸ್ 1872ರಲ್ಲಿ ಮಾಡಿತು. ದೊಡ್ಡ ನಗರಗಳ ಕಳ್ಳರು ಹಳ್ಳಿಗಾಡಿನ ಅಮಾಯಕರನ್ನು ಸುಲಿಯುತ್ತಿದ್ದಾರೆ ಎಂಬುದೇ ಅದಕ್ಕೆ ಕಾರಣ. ಅಂಚೆ ಇಲಾಖೆಯ ವಿಶೇಷ ಅಧಿಕಾರಿಯಾಗಿದ್ದ ಆಂಟನಿ ಕಾಮ್‌ಸ್ಟಾಕ್ 1880ರಲ್ಲಿ ನ್ಯೂಯಾರ್ಕಿನಲ್ಲಿ ಪ್ರಕಟಿಸಿದ "ಫ್ರಾಡ್ಸ್ ಎಕ್ಸ್‌ಪೋಸ್ಡ್" ಎಂಬ ಪುಸ್ತಕದಲ್ಲಿ ಸುಳ್ಳು ಲಾಟರಿಗಳ ವಿಷಯವೇ ಸಾಕಷ್ಟಿದೆ. ಕಾಮ್‌ಸ್ಟಾಕನ ಇತರ ಕೆಲಸಗಳನ್ನು ನಾನು ಮೆಚ್ಚುವವನಲ್ಲ. ಪುಸ್ತಕ, ಚಿತ್ರ, ವೈದ್ಯಕೀಯ ಮಾಹಿತಿಯ ಮೇಲೆ ಅವನು ನಡೆಸಿದ ದಬ್ಬಾಳಿಕೆ ಕುಪ್ರಸಿದ್ಧ. ಆದರೆ ಮೋಸದ ಕಾಗದಗಳನ್ನು ಬಯಲಿಗಿಟ್ಟ ಕೆಲಸವನ್ನು ಒಪ್ಪಲೇಬೇಕು.

ಅದೇ ಕಾಲದಲ್ಲಿ ನ್ಯೂಯಾರ್ಕಿನ ಅತ್ಯಂತ ಲಾಭದ ಮೋಸ "ಗ್ರೀನ್ ಗೂಡ್ಸ್". ಖೋಟಾ ನೋಟು ಅಗ್ಗದ ಬೆಲೆಗೆ ಕೊಡುತ್ತೇವೆ ಎಂದು ದೂರದ ಊರುಗಳಿಗೆ ಪತ್ರ ಹೋಗುತ್ತಿತ್ತು. ಆಸೆಗೆ ಬಿದ್ದವನು ರೈಲು ಹತ್ತಿ ನ್ಯೂಯಾರ್ಕಿಗೆ ಬಂದರೆ ಅವನಿಗೆ ಅಸಲಿ ನೋಟನ್ನೇ ತೋರಿಸಿ, ಇದೇ ನಮ್ಮ ಖೋಟಾ ನೋಟು, ಎಷ್ಟು ಚೆನ್ನಾಗಿದೆ ನೋಡಿ ಎನ್ನುತ್ತಿದ್ದರು. ಹಣ ಕೊಟ್ಟ ಮೇಲೆ ಚೀಲ ಬದಲಾಗುತ್ತಿತ್ತು. ಊರಿಗೆ ಹೋಗಿ ಬಿಚ್ಚಿದರೆ ಮರದ ಹೊಟ್ಟು, ಇಲ್ಲವೇ ಕಾಗದದ ಚೂರು. ಅವನು ಪೊಲೀಸರಿಗೆ ದೂರು ಕೊಡುವಂತಿಲ್ಲ, ಏಕೆಂದರೆ ಖೋಟಾ ನೋಟು ಕೊಳ್ಳಲು ಹೋದವನೇ ಅವನು. ವಂಚಕರ ನಿಜವಾದ ಬಂಡವಾಳ ಆ ಮೌನ. 1889ರಲ್ಲಿ ಕಾಂಗ್ರೆಸ್ ಅಂಚೆ ವಂಚನೆಯ ಕಾನೂನನ್ನು ತಿದ್ದಿ ಹೊಟ್ಟಿನ ಮೋಸವನ್ನೂ ಖೋಟಾ ನೋಟಿನ ಮೋಸವನ್ನೂ ಹೆಸರು ಹೇಳಿಯೇ ಸೇರಿಸಿತು. 1894ರಲ್ಲಿ ನ್ಯೂಯಾರ್ಕ್ ಪೊಲೀಸರ ಭ್ರಷ್ಟಾಚಾರ ವಿಚಾರಿಸಿದ ಲೆಕ್ಸೋ ಸಮಿತಿಯ ಮುಂದೆ, ಈ ದಂಧೆಯಲ್ಲಿ ಕೆಲಸ ಮಾಡಿದ್ದ ಜಾರ್ಜ್ ಆಪೋ ಸಾಕ್ಷಿ ಹೇಳಿ ಅದರ ಒಳಗುಟ್ಟು ಬಿಚ್ಚಿಟ್ಟ. ಪೊಲೀಸರಿಗೂ ಅದರಲ್ಲಿ ಪಾಲಿತ್ತು.

ಸ್ಪೇನಿನ ಕೈದಿ

ಇದಕ್ಕಿಂತ ಹಳೆಯ ಇನ್ನೊಂದು ಪತ್ರವಿದೆ. ಫ್ರಾನ್ಸಿನಲ್ಲಿ ಮೊದಲು ಅಪರಾಧಿಯಾಗಿದ್ದು ನಂತರ ಪ್ಯಾರಿಸಿನ ಪತ್ತೇದಾರಿ ಪೊಲೀಸರ ಮುಖ್ಯಸ್ಥನಾದ ವಿಡೋಕ್, ಜೈಲಿನ ಕೈದಿಗಳು ಬರೆಯುತ್ತಿದ್ದ "ಜೆರೂಸಲೆಮ್ ಪತ್ರ"ಗಳ ಬಗ್ಗೆ ಬರೆದಿದ್ದಾನೆ. ನಿಧಿ ಹೂತಿಟ್ಟು ಓಡಿಬಂದ ಯಜಮಾನನೊಬ್ಬನ ಸೇವಕನಂತೆ ನಟಿಸಿ, ನಿಧಿ ತೆಗೆಯಲು ಸ್ವಲ್ಪ ಹಣ ಬೇಕು ಎನ್ನುವ ಪತ್ರಗಳವು. ನೂರು ಪತ್ರ ಬರೆದರೆ ಇಪ್ಪತ್ತಕ್ಕೆ ಉತ್ತರ ಬರುತ್ತಿತ್ತು ಎನ್ನುತ್ತಾನೆ ವಿಡೋಕ್.

ಈ ಪತ್ರವೇ ಮುಂದೆ "ಸ್ಪೇನಿನ ಕೈದಿ" ಎಂಬ ಹೆಸರಿನಲ್ಲಿ ಅಮೆರಿಕಕ್ಕೆ ಬಂತು. ಸ್ಪೇನಿನ ಸೆರೆಮನೆಯಲ್ಲಿರುವ ಶ್ರೀಮಂತ, ಅನಾಥಳಾಗಲಿರುವ ಅವನ ಮಗಳು, ಬಚ್ಚಿಟ್ಟ ಸಂಪತ್ತು, ಅದನ್ನು ಬಿಡಿಸಲು ಬೇಕಾದ ಅಲ್ಪ ಹಣ. ಜೊತೆಗೆ ತಪ್ಪದೆ ಒಂದು ಮಾತು: ಕೈದಿಯ ಜೀವಕ್ಕೆ ಅಪಾಯವಿದೆ, ಯಾರಿಗೂ ಹೇಳಬೇಡಿ. 1898ರ ಮಾರ್ಚಿನಲ್ಲಿ, ಸ್ಪೇನಿನ ಜೊತೆ ಅಮೆರಿಕದ ಯುದ್ಧ ಆರಂಭವಾಗುವುದಕ್ಕೆ ಸ್ವಲ್ಪ ಮುಂಚೆ, ಈ ಹಳೆಯ ಮೋಸ ಮತ್ತೆ ತಲೆಯೆತ್ತಿದೆ ಎಂದು ನ್ಯೂಯಾರ್ಕ್ ಟೈಮ್ಸ್ ಓದುಗರನ್ನು ಎಚ್ಚರಿಸಿತು. ಅಂದರೆ 1898ರಲ್ಲೇ ಅದು ಹಳೆಯದು. ಸುದ್ದಿಯಲ್ಲಿರುವ ದೇಶದ ಹೆಸರು ಹಿಡಿದು ಹೊಸ ವೇಷ ಹಾಕುವುದು ಈ ಮೋಸದ ಸ್ವಭಾವ.

ಲೂಸಿಯಾನದ ಲಾಟರಿ ಮತ್ತು ಎರಡು ತೀರ್ಪು

ಸುಳ್ಳು ಲಾಟರಿಯನ್ನು ಅರ್ಥಮಾಡಿಕೊಳ್ಳಲು ಒಂದು ನಿಜವಾದ ಲಾಟರಿಯ ಕಥೆ ತಿಳಿದಿರಬೇಕು. ಲೂಸಿಯಾನ ರಾಜ್ಯ 1868ರಲ್ಲಿ ಒಂದು ಖಾಸಗಿ ಕಂಪನಿಗೆ 25 ವರ್ಷದ ಲಾಟರಿ ಹಕ್ಕು ಕೊಟ್ಟಿತು. ಪ್ರತಿಯಾಗಿ ಕಂಪನಿ ನ್ಯೂ ಆರ್ಲಿಯನ್ಸಿನ ಚಾರಿಟಿ ಆಸ್ಪತ್ರೆಗೆ ವರ್ಷಕ್ಕೆ 40,000 ಡಾಲರ್ ಕೊಡಬೇಕು. ಕಂಪನಿಯ ಹಿಂದಿದ್ದ ಬಂಡವಾಳದಲ್ಲಿ ನ್ಯೂಯಾರ್ಕಿನವರದೂ ಇತ್ತು. ಡ್ರಾ ನಡೆಯುವಾಗ ವೇದಿಕೆಯ ಮೇಲೆ ಬೋರೆಗಾರ್ಡ್ ಮತ್ತು ಅರ್ಲಿ ಎಂಬ ಇಬ್ಬರು ಹೆಸರಾಂತ ಮಾಜಿ ಸೇನಾಪತಿಗಳು ಕೂರುತ್ತಿದ್ದರು. ಡ್ರಾ ನಿಜವಾದದ್ದೇ. ಆದರೆ ಆಸ್ಪತ್ರೆಯ ಹೆಸರು, ಸೇನಾಪತಿಗಳ ಬಿಳಿಗಡ್ಡ, ಇವು ಜನರ ವಿಶ್ವಾಸಕ್ಕಾಗಿ ತಂದ ಎರವಲು ಗೌರವ. ಟಿಕೆಟ್ ಕೊಳ್ಳುತ್ತಿದ್ದವರಲ್ಲಿ ಬಹುಪಾಲು ಲೂಸಿಯಾನದ ಹೊರಗಿನವರು. ಅವರನ್ನು ತಲುಪುತ್ತಿದ್ದದ್ದು ಅಂಚೆ.

ಅಂಚೆಗೆ ಇದನ್ನು ತಡೆಯುವ ಅಧಿಕಾರವಿದೆಯೇ? ನ್ಯೂಯಾರ್ಕಿನಲ್ಲಿ 1877ರಲ್ಲಿ ಲಾಟರಿಯ ಸುತ್ತೋಲೆಯನ್ನು ಅಂಚೆಗೆ ಹಾಕಿದ ಜಾಕ್ಸನ್ ಎಂಬವನಿಗೆ 100 ಡಾಲರ್ ದಂಡ ಬಿತ್ತು. ಮೊಕದ್ದಮೆ ಸುಪ್ರೀಂ ಕೋರ್ಟಿಗೆ ಹೋಯಿತು. 1878ರಲ್ಲಿ ನ್ಯಾಯಾಲಯ ಎರಡು ಮಾತು ಹೇಳಿತು. ಒಂದು, ಅಂಚೆಯಲ್ಲಿ ಏನು ಹೋಗಬಾರದು ಎಂದು ನಿರ್ಧರಿಸುವ ಅಧಿಕಾರ ಕಾಂಗ್ರೆಸ್ಸಿಗಿದೆ. ಇನ್ನೊಂದು, ಮುಚ್ಚಿದ ಲಕೋಟೆಯನ್ನು ವಾರಂಟ್ ಇಲ್ಲದೆ ಒಡೆಯುವಂತಿಲ್ಲ. ಎರಡನೆಯ ಮಾತು ನಮ್ಮ ಖಾಸಗಿತನವನ್ನು ಕಾಪಾಡುತ್ತದೆ. ಜೊತೆಗೆ, ಲಕೋಟೆಯ ಒಳಗಿರುವ ಸುಳ್ಳನ್ನು ಮೊದಲು ಓದುವವರು ನಾವೇ, ಸರ್ಕಾರ ಅಲ್ಲ ಎಂಬುದನ್ನೂ ತಿಳಿಸುತ್ತದೆ.

ಅಧ್ಯಕ್ಷ ಬೆಂಜಮಿನ್ ಹ್ಯಾರಿಸನ್ ಕಾಲದಲ್ಲಿ, 1890ರಲ್ಲಿ, ಬಿಗಿಯಾದ ಕಾನೂನು ಬಂದು ಲಾಟರಿಯ ಪತ್ರ, ಜಾಹೀರಾತುಗಳಿಗೆ ಅಂಚೆಯ ಬಾಗಿಲು ಮುಚ್ಚಿತು. 1895ರಲ್ಲಿ ರಾಜ್ಯದಿಂದ ರಾಜ್ಯಕ್ಕೆ ಟಿಕೆಟ್ ಸಾಗಿಸುವುದೂ ಅಪರಾಧವಾಯಿತು; 1903ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಎತ್ತಿಹಿಡಿಯಿತು. ಹೊಂಡುರಾಸಿಗೆ ಓಡಿಹೋಗಿ ವ್ಯಾಪಾರ ಮುಂದುವರಿಸಿದ್ದ ಲೂಸಿಯಾನದ ಲಾಟರಿ 1907ರ ಹೊತ್ತಿಗೆ ಮುಗಿಯಿತು. ಈ ಕಾನೂನುಗಳ ವಂಶದ ನಿಯಮ ಇಂದಿಗೂ ಇದೆ: ವಿದೇಶಿ ಲಾಟರಿಯ ಟಿಕೆಟ್ಟನ್ನು ಅಂಚೆ ಅಥವಾ ಫೋನ್ ಮೂಲಕ ಅಮೆರಿಕದಲ್ಲಿ ಮಾರುವುದು ಕಾನೂನುಬಾಹಿರ. ಆದ್ದರಿಂದ ಯೂರೋಪಿನ ಲಾಟರಿ ನ್ಯೂಜೆರ್ಸಿಯಲ್ಲಿ ಕೂತ ಮೇಷ್ಟ್ರ ಇ-ಮೇಲ್ ವಿಳಾಸವನ್ನು ತಾನಾಗಿ ಹುಡುಕಿಕೊಂಡು ಬರುವುದು ಮೊದಲ ಸಾಲಿನಲ್ಲೇ ಸುಳ್ಳು.

ಲಾಟರಿ ಮರಳಿತು, ಪತ್ರವೂ ಮರಳಿತು

ಸರ್ಕಾರಿ ಲಾಟರಿ ಈ ಪ್ರದೇಶಕ್ಕೆ ಮತ್ತೆ ಬಂದದ್ದು 1960ರ ದಶಕದಲ್ಲಿ. 1964ರಲ್ಲಿ ನ್ಯೂ ಹ್ಯಾಂಪ್‌ಶೈರ್, 1967ರಲ್ಲಿ ನ್ಯೂಯಾರ್ಕ್, 1970ರ ಕೊನೆಯಲ್ಲಿ ನ್ಯೂಜೆರ್ಸಿ. ಆಗಿನಿಂದ "ಲಾಟರಿ ಹೊಡೆಯಿತು" ಎಂಬ ಸುದ್ದಿ ನಂಬಲಾಗದ ಸುದ್ದಿಯಾಗಿ ಉಳಿಯಲಿಲ್ಲ. ನಿಜವಾಗಿ ಗೆದ್ದವರ ಚಿತ್ರಗಳು ಟೀವಿಯಲ್ಲಿ ಬರತೊಡಗಿದವು. ಲಾಂಗ್ ಐಲೆಂಡಿನ ಪೋರ್ಟ್ ವಾಷಿಂಗ್ಟನ್ನಿನಲ್ಲಿ 1953ರಲ್ಲಿ ಆರಂಭವಾದ ಪಬ್ಲಿಷರ್ಸ್ ಕ್ಲಿಯರಿಂಗ್ ಹೌಸ್, ಗೆದ್ದವರ ಮನೆ ಬಾಗಿಲಿಗೇ ಹೋಗಿ ದೊಡ್ಡ ಚೆಕ್ ಕೊಡುವ ಜಾಹೀರಾತಿನಿಂದ ಮನೆಮಾತಾಯಿತು. ಆ ಹೆಸರನ್ನು ಕದ್ದು ಕರೆ ಮಾಡುವ ವಂಚಕರೂ ಹುಟ್ಟಿಕೊಂಡರು.

1980ರ ದಶಕದಲ್ಲಿ ನೈಜೀರಿಯಾದಿಂದ ಬರುತ್ತಿದ್ದ ಕಾಗದಗಳು ಸ್ಪೇನಿನ ಕೈದಿಯದೇ ಪುನರ್ಜನ್ಮ. ಆ ದೇಶದ ದಂಡಸಂಹಿತೆಯಲ್ಲಿ ವಂಚನೆಯ ಕಲಮು 419. ಅದರಿಂದಲೇ ಈ ಮೋಸಕ್ಕೆ "419" ಎಂಬ ಹೆಸರು. ಇ-ಮೇಲ್ ಬಂದ ಮೇಲೆ ಅಂಚೆಚೀಟಿಯ ಖರ್ಚೂ ಉಳಿಯಿತು; ನೂರರ ಬದಲು ಲಕ್ಷಗಟ್ಟಲೆ ಪತ್ರ. ಬ್ರಿಟನ್ನಿನ ನ್ಯಾಷನಲ್ ಲಾಟರಿ, ಸ್ಪೇನಿನ ಎಲ್ ಗೋರ್ಡೋ, ದೊಡ್ಡ ಕಂಪನಿಗಳ ಹೆಸರುಗಳು, ಎಲ್ಲವೂ ಎರವಲು ಗೌರವ. 2012ರಲ್ಲಿ ಮೈಕ್ರೋಸಾಫ್ಟ್ ಸಂಶೋಧಕ ಕಾರ್ಮಕ್ ಹರ್ಲಿ ಒಂದು ಕುತೂಹಲದ ಪ್ರಶ್ನೆ ಎತ್ತಿದರು: ಈ ಪತ್ರಗಳು ಇಷ್ಟು ಪೆದ್ದುಪೆದ್ದಾಗಿರುವುದೇಕೆ? ಅವರ ಉತ್ತರ: ಅನುಮಾನಪಡುವವರು ಮೊದಲೇ ಬಿಟ್ಟುಹೋಗಲಿ, ಕೊನೆಯವರೆಗೆ ಬರಬಹುದಾದವರು ಮಾತ್ರ ಉಳಿಯಲಿ ಎಂಬ ಲೆಕ್ಕಾಚಾರ. ಪತ್ರ ಕಳಿಸುವುದು ಅಗ್ಗ, ಉತ್ತರ ಕೊಟ್ಟವರ ಜೊತೆ ಮಾತಾಡುವ ಸಮಯ ದುಬಾರಿ. ಈಗಂತೂ ಯಂತ್ರಗಳೇ ತಪ್ಪಿಲ್ಲದ ಇಂಗ್ಲಿಷನ್ನೂ ಕನ್ನಡವನ್ನೂ ಬರೆದುಕೊಡುತ್ತವೆ. ಕಾಗುಣಿತದ ತಪ್ಪು ನೋಡಿ ಮೋಸ ಗುರುತಿಸುತ್ತೇನೆ ಎಂಬ ಭರವಸೆ ಇನ್ನು ಬೇಡ.

2000ದ ನಂತರ ಜಮೈಕಾದ ಮಾಂಟೆಗೋ ಬೇ ಪ್ರದೇಶದಿಂದ ಅಮೆರಿಕದ ವೃದ್ಧರಿಗೆ ಲಾಟರಿ ಕರೆಗಳ ಮಳೆಯೇ ಸುರಿಯಿತು. ಆ ದೇಶದ 876 ಎಂಬ ಸಂಖ್ಯೆ ನೋಡಲು ಇಲ್ಲಿಯ ಏರಿಯಾ ಕೋಡಿನಂತೆಯೇ ಇರುವುದು ಅವರಿಗೆ ಅನುಕೂಲವಾಯಿತು. ಜಮೈಕಾ 2013ರಲ್ಲಿ ಇದಕ್ಕೆಂದೇ ವಿಶೇಷ ಕಾನೂನು ಮಾಡಿತು. ಹಣ ಸಾಗಿಸುವ ಕಂಪನಿಗಳ ಹೊಣೆಯೂ ಬೆಳಕಿಗೆ ಬಂತು: ವಂಚಕರ ಹಣ ಸಾಗಲು ಬಿಟ್ಟ ಆರೋಪದಲ್ಲಿ ವೆಸ್ಟರ್ನ್ ಯೂನಿಯನ್ 2017ರಲ್ಲಿ 58.6 ಕೋಟಿ ಡಾಲರ್ ತೆರಲು ಒಪ್ಪಿತು. ಆ ಹಣದಿಂದ ಮೋಸಹೋದ ಅನೇಕರಿಗೆ ಪರಿಹಾರ ಸಿಕ್ಕಿತು. ಸಿಕ್ಕಿದ್ದು ತಮಗಾದದ್ದನ್ನು ಹೇಳಿಕೊಂಡು ಅರ್ಜಿ ಹಾಕಿದವರಿಗೆ.

ನಮ್ಮ ಊರಿನಲ್ಲಿ, ನಮ್ಮ ಜನರಲ್ಲಿ

ನಾವು ಚಿಕ್ಕವರಿದ್ದಾಗ ಬಸ್ ಸ್ಟ್ಯಾಂಡುಗಳಲ್ಲಿ ಮೈಕು ಕಟ್ಟಿಕೊಂಡು ಲಾಟರಿ ಟಿಕೆಟ್ ಮಾರುತ್ತಿದ್ದದ್ದು ಅನೇಕರಿಗೆ ನೆನಪಿರಬೇಕು. ಕೇರಳ ಸರ್ಕಾರ 1967ರಲ್ಲಿ ಲಾಟರಿ ಆರಂಭಿಸಿತು. ಕರ್ನಾಟಕ ಸರ್ಕಾರದ್ದೂ ಬಂತು. ಕೂಲಿಯವರ ಮನೆಗಳು ಹಾಳಾಗುತ್ತಿವೆ ಎಂಬ ಕೂಗಿನ ಮೇಲೆ 2007ರಲ್ಲಿ, ಎಚ್.ಡಿ. ಕುಮಾರಸ್ವಾಮಿಯವರು ಮುಖ್ಯಮಂತ್ರಿಯಾಗಿದ್ದಾಗ, ಕರ್ನಾಟಕದಲ್ಲಿ ಲಾಟರಿ ನಿಷೇಧವಾಯಿತು. ಗಡಿಯಾಚೆಯ ಕಾಸರಗೋಡಿನಲ್ಲಿ ಕೇರಳದ ಟಿಕೆಟ್ ಈಗಲೂ ಸಿಗುತ್ತದೆ. 2024ರಲ್ಲಿ ಕೇರಳದ ಓಣಂ ಬಂಪರ್ 25 ಕೋಟಿ ರೂಪಾಯಿ ಬಂದದ್ದು ಮಂಡ್ಯ ಜಿಲ್ಲೆಯವರೊಬ್ಬರಿಗೆ. ಆದರೆ ಗಮನಿಸಿ, ಅವರ ಕೈಯಲ್ಲಿ ಕೊಂಡ ಟಿಕೆಟ್ ಇತ್ತು.

ಟಿಕೆಟ್ ಇಲ್ಲದ ಬಹುಮಾನ ನಮ್ಮವರಿಗೆ ಈಗ ಬರುವುದು ವಾಟ್ಸಾಪಿನಲ್ಲಿ. "ಕೌನ್ ಬನೇಗಾ ಕರೋಡ್‌ಪತಿ"ಯ ಹೆಸರಿನಲ್ಲಿ, ಅಮಿತಾಭ್ ಬಚ್ಚನ್ ಚಿತ್ರದೊಂದಿಗೆ, ನಿಮ್ಮ ಸಿಮ್‌ಗೆ 25 ಲಕ್ಷ ರೂಪಾಯಿ ಬಂದಿದೆ ಎಂಬ ಸಂದೇಶ ಊರಿನಲ್ಲಿರುವ ನಮ್ಮ ಅಪ್ಪ-ಅಮ್ಮ, ಚಿಕ್ಕಪ್ಪ-ಚಿಕ್ಕಮ್ಮಂದಿರಿಗೆ ಬಂದಿರುವ ಸಾಧ್ಯತೆ ಹೆಚ್ಚು. ರಿಸರ್ವ್ ಬ್ಯಾಂಕಿನ ಹೆಸರಿನ ಇ-ಮೇಲುಗಳೂ ಇವೆ. ರಿಸರ್ವ್ ಬ್ಯಾಂಕ್ ಜನಸಾಮಾನ್ಯರ ಖಾತೆ ಇಟ್ಟುಕೊಳ್ಳುವುದಿಲ್ಲ, ಬಹುಮಾನವನ್ನೂ ಹಂಚುವುದಿಲ್ಲ. ವಿದೇಶಿ ಲಾಟರಿಗೆ ಭಾರತದಿಂದ ಹಣ ಕಳಿಸುವುದನ್ನು ವಿದೇಶಿ ವಿನಿಮಯ ಕಾನೂನಿನ 2000ದ ನಿಯಮಗಳೇ ನಿಷೇಧಿಸಿವೆ. ಇದನ್ನು 2010ರಲ್ಲಿ ರಿಸರ್ವ್ ಬ್ಯಾಂಕ್ ಮತ್ತೆ ಎಲ್ಲ ಬ್ಯಾಂಕುಗಳಿಗೂ ನೆನಪಿಸಿತು.

ಇಲ್ಲಿಗೆ ಬಂದ ನಮ್ಮ ಹುಡುಗರಿಗೆ ಬೇರೆಯದೇ ಲಾಟರಿ: ಗ್ರೀನ್ ಕಾರ್ಡ್. 1990ರ ವಲಸೆ ಕಾನೂನಿನಿಂದ ಹುಟ್ಟಿದ ಡೈವರ್ಸಿಟಿ ವೀಸಾ ನಿಜವಾದ ಲಾಟರಿಯೇ. ಆದರೆ ಹಿಂದಿನ ಐದು ವರ್ಷಗಳಲ್ಲಿ 50,000ಕ್ಕಿಂತ ಹೆಚ್ಚು ವಲಸಿಗರನ್ನು ಕಳಿಸಿದ ದೇಶಗಳಲ್ಲಿ ಹುಟ್ಟಿದವರಿಗೆ ಅದು ಇಲ್ಲ. ಭಾರತ ಆ ಪಟ್ಟಿಯಲ್ಲಿದೆ. ಗೆದ್ದವರಿಗೆ ಸರ್ಕಾರ ಇ-ಮೇಲ್ ಮೂಲಕ ತಿಳಿಸುವುದೂ ಇಲ್ಲ. ಅರ್ಜಿ ಹಾಕಿದವರೇ ವಿದೇಶಾಂಗ ಇಲಾಖೆಯ ಜಾಲತಾಣದಲ್ಲಿ ನೋಡಿಕೊಳ್ಳಬೇಕು. ಅರ್ಜಿಯನ್ನೇ ಹಾಕದ ಬೆಂಗಳೂರಿನ ಹುಡುಗನಿಗೆ "ನೀವು ಆಯ್ಕೆಯಾಗಿದ್ದೀರಿ, ಶುಲ್ಕ ಕಳಿಸಿ" ಎಂಬ ಪತ್ರ ಬಂದರೆ ಅದು ಸ್ಪೇನಿನ ಕೈದಿಯ ಮೊಮ್ಮಗ.

ರೋಗಲಕ್ಷಣಗಳು

ವೈದ್ಯನ ಅಭ್ಯಾಸ, ಲಕ್ಷಣಗಳನ್ನು ಪಟ್ಟಿ ಮಾಡುತ್ತೇನೆ. ಒಂದೂವರೆ ಶತಮಾನದ ಈ ಪತ್ರಗಳಲ್ಲಿ ಬದಲಾಗದೆ ಉಳಿದವು ನಾಲ್ಕು.

ಮೊದಲನೆಯದು, ಕೊಳ್ಳದ ಟಿಕೆಟ್ಟಿಗೆ ಬಹುಮಾನ. "ಕಂಪ್ಯೂಟರ್ ನಿಮ್ಮ ಇ-ಮೇಲ್ ವಿಳಾಸವನ್ನು ಆರಿಸಿತು" ಎಂಬ ಲಾಟರಿ ಲೋಕದಲ್ಲಿ ಎಲ್ಲಿಯೂ ಇಲ್ಲ.

ಎರಡನೆಯದು, ಕೊಡುವ ಮೊದಲು ಕೇಳುವುದು. ನಿಜವಾದ ಲಾಟರಿಯಲ್ಲಿ ತೆರಿಗೆಯನ್ನು ಬಹುಮಾನದಿಂದಲೇ ಹಿಡಿಯುತ್ತಾರೆ. ಅಮೆರಿಕದಲ್ಲಿ 5,000 ಡಾಲರಿಗಿಂತ ಹೆಚ್ಚಿನ ಗೆಲುವಿಗೆ ಶೇಕಡ 24 ಕೇಂದ್ರ ತೆರಿಗೆ ಮುರಿದುಕೊಂಡೇ ಕೊಡುತ್ತಾರೆ. ಭಾರತದಲ್ಲಿ ಶೇಕಡ 30. ಗೆದ್ದವನು ಮುಂಗಡವಾಗಿ ಯಾರಿಗೂ ಏನೂ ಕಳಿಸುವುದಿಲ್ಲ. ಕೇಳುವುದು ಉಡುಗೊರೆ ಕಾರ್ಡಿನ ಸಂಖ್ಯೆಯೋ, ಕ್ರಿಪ್ಟೋ ನಾಣ್ಯವೋ ಆಗಿದ್ದರೆ ಇನ್ನು ಯೋಚಿಸಬೇಕಾದದ್ದೇ ಇಲ್ಲ.

ಇದರಲ್ಲೇ ಒಂದು ಜಾಣ ರೂಪವಿದೆ. ಮೊದಲು ಅವರೇ ಒಂದು ಚೆಕ್ ಕಳಿಸುತ್ತಾರೆ: ಇದನ್ನು ಬ್ಯಾಂಕಿಗೆ ಹಾಕಿ, ತೆರಿಗೆಯ ಪಾಲನ್ನು ನಮಗೆ ಕಳಿಸಿ. ಚೆಕ್ಕಿನ ಹಣವನ್ನು ಕೆಲವೇ ದಿನಗಳಲ್ಲಿ ಗ್ರಾಹಕನ ಕೈಗೆ ಕೊಡಬೇಕೆಂಬ ನಿಯಮ 1987ರ ಕಾನೂನಿನಿಂದ ಬ್ಯಾಂಕುಗಳಿಗಿದೆ. ಚೆಕ್ ನಕಲಿ ಎಂದು ಗೊತ್ತಾಗಲು ವಾರಗಳೇ ಆಗಬಹುದು. ಖಾತೆಯಲ್ಲಿ ಹಣ ಕಾಣಿಸಿತು ಎಂದರೆ ಚೆಕ್ ಪಾಸಾಯಿತು ಎಂದರ್ಥವಲ್ಲ. ಚೆಕ್ ಹಿಂದಿರುಗಿದಾಗ ಆ ಮೊತ್ತ ನಿಮ್ಮ ತಲೆಯ ಮೇಲೆ ಬೀಳುತ್ತದೆ.

ಮೂರನೆಯದು, ಅವಸರ. 48 ಗಂಟೆಯೊಳಗೆ ಉತ್ತರಿಸದಿದ್ದರೆ ಬಹುಮಾನ ಹೋಯಿತು ಎನ್ನುತ್ತಾರೆ. ನ್ಯೂಯಾರ್ಕ್, ನ್ಯೂಜೆರ್ಸಿ ಲಾಟರಿಗಳಲ್ಲಿ ಡ್ರಾ ಆದ ದಿನದಿಂದ ಒಂದು ವರ್ಷ ಕಾಲಾವಕಾಶವಿದೆ.

ನಾಲ್ಕನೆಯದು, ಗುಟ್ಟು. ನ್ಯೂಜೆರ್ಸಿಯಲ್ಲಿ 2020ರಿಂದ ಗೆದ್ದವರು ಹೆಸರು ಬಹಿರಂಗವಾಗದಂತೆ ಕೇಳಿಕೊಳ್ಳಬಹುದು, ನಿಜ. ಅದು ಗೆದ್ದವರ ಹಕ್ಕು. ಹೆಂಡತಿಗೂ ಮಕ್ಕಳಿಗೂ ಹೇಳಬೇಡಿ ಎಂದು ಲಾಟರಿಯವರು ಹಾಕುವ ಅಪ್ಪಣೆ ಅಲ್ಲ. ಈ ನಾಲ್ಕರಲ್ಲಿ ನಾಲ್ಕನೆಯದೇ ನನಗೆ ಮುಖ್ಯ. ಮೊದಲ ಮೂರನ್ನು ಮನೆಯ ಇನ್ನೊಬ್ಬರು ಒಂದು ನಿಮಿಷದಲ್ಲಿ ಹಿಡಿಯುತ್ತಾರೆ. ಅವರು ಹಿಡಿಯಬಾರದೆಂದೇ ನಾಲ್ಕನೆಯದು ಇದೆ.

ಗಾದೆ ತಪ್ಪಾಗುವ ಜಾಗ

ಇಂಥ ಸುದ್ದಿ ಕೇಳಿದಾಗ ನಮ್ಮ ಬಾಯಿಗೆ ಮೊದಲು ಬರುವ ಗಾದೆ "ಅತಿ ಆಸೆ ಗತಿಗೇಡು". ನನ್ನ ಅನುಭವದಲ್ಲಿ ಈ ಗಾದೆ ಇಲ್ಲಿ ಪೂರ್ತಿ ಹೊಂದುವುದಿಲ್ಲ. ನ್ಯೂಯಾರ್ಕಿನ ವೈಲ್ ಕಾರ್ನೆಲ್ ವೈದ್ಯಕೀಯ ಕಾಲೇಜಿನ ಡಾ. ಮಾರ್ಕ್ ಲ್ಯಾಕ್ಸ್ ಮತ್ತು ಡ್ಯೂಕ್ ಹಾನ್ 2015ರಲ್ಲಿ ಒಂದು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು: ವಯಸ್ಸಾದಂತೆ ಹಣದ ವಿಷಯದಲ್ಲಿ ಬರುವ ಒಂದು ಬಗೆಯ ದುರ್ಬಲತೆ, ಮೊದಲು ಚೆನ್ನಾಗಿ ವ್ಯವಹರಿಸುತ್ತಿದ್ದವರಲ್ಲೂ, ಮರೆವಿನ ಕಾಯಿಲೆ ಇಲ್ಲದವರಲ್ಲೂ ಕಾಣಿಸಬಹುದು, ಇದನ್ನು ಸಾರ್ವಜನಿಕ ಆರೋಗ್ಯದ ಪ್ರಶ್ನೆಯಾಗಿ ನೋಡಬೇಕು. 2019ರಲ್ಲಿ ಶಿಕಾಗೋದ ರಷ್ ವಿಶ್ವವಿದ್ಯಾಲಯದ ಪೆಟ್ರೀಷಿಯಾ ಬಾಯ್ಲ್ ಮತ್ತು ಸಂಗಡಿಗರು, ಮರೆವಿನ ಕಾಯಿಲೆ ಇಲ್ಲದ ವೃದ್ಧರನ್ನು ವರ್ಷಗಟ್ಟಲೆ ಗಮನಿಸಿ, ಮೋಸದ ಬಗ್ಗೆ ಎಚ್ಚರ ಕಡಿಮೆಯಿದ್ದವರಿಗೆ ಮುಂದೆ ಆಲ್‌ಝೈಮರ್ ಬರುವ ಸಾಧ್ಯತೆ ಹೆಚ್ಚು ಎಂದು ಕಂಡುಕೊಂಡರು. ಮೋಸಹೋದವರಿಗೆಲ್ಲ ಮರೆವಿನ ಕಾಯಿಲೆ ಎಂದು ಇದರ ಅರ್ಥವಲ್ಲ. ಯುವಕರೂ ಮೋಸಹೋಗುತ್ತಾರೆ, ಡಾಕ್ಟರುಗಳೂ ಮೋಸಹೋಗುತ್ತಾರೆ. ಆದರೆ ಮನೆಯ ಹಿರಿಯರು ಹೀಗೆ ಹಣ ಕಳೆದುಕೊಂಡರೆ ಬೈಯುವ ಮೊದಲು ವೈದ್ಯರಿಗೆ ತಿಳಿಸುವುದು ಒಳ್ಳೆಯದು.

ಮೇಷ್ಟ್ರಿಗೆ ಆಸೆ ಇರಲಿಲ್ಲವೆಂದಲ್ಲ. ಏನು ಆಸೆ ಎಂದು ಕೇಳಿದ್ದೆ. "ಮನೆಯ ಸಾಲ ತೀರಿಸಿಬಿಡೋಣ ಅಂತ. ಮಗ ರಾತ್ರಿ ಹನ್ನೊಂದರವರೆಗೂ ಕೆಲಸ ಮಾಡ್ತಾನೆ. ನಾನು ಕೂತು ತಿನ್ನೋನು" ಎಂದರು. ಇಲ್ಲಿಗೆ ಬಂದು ನೆಲೆಸಿದ ನಮ್ಮ ತಂದೆತಾಯಿಗಳಿಗೆ ಕಾರು ಓಡಿಸಲು ಬರುವುದಿಲ್ಲ, ಸ್ವಂತ ಸಂಪಾದನೆಯಿಲ್ಲ. ಊರಿನಲ್ಲಿ ನಾಲ್ಕು ಜನ ಕೈಮುಗಿಯುತ್ತಿದ್ದ ಮೇಷ್ಟ್ರು ಇಲ್ಲಿ ದಿನವಿಡೀ ಒಬ್ಬರೇ. ಆ ಒಂಟಿತನಕ್ಕೆ ದಿನವೂ ಪ್ರೀತಿಯಿಂದ ಮಾತಾಡುವ "ಏಜೆಂಟ್" ಒಬ್ಬ ಸಿಕ್ಕಿದ್ದ. ಗ್ರೀನ್ ಗೂಡ್ಸ್ ಕೊಳ್ಳಲು ಹೋದವನ ಬಾಯಿ ಕಟ್ಟಿದ್ದು ಅಪರಾಧದ ಭಯ. ಮೇಷ್ಟ್ರ ಬಾಯಿ ಕಟ್ಟಿದ್ದು ಮಗನೆದುರು ಮರ್ಯಾದೆ ಹೋಗುವ ಭಯ. ಗಾದೆ ಹೇಳಿ ನಕ್ಕವರೆಲ್ಲ ಆ ಗಂಟನ್ನು ಇನ್ನೂ ಬಿಗಿದಂತಾಗುತ್ತದೆ.

ನಾಲ್ಕನೆಯ ಕಂತಿನ ಸುದ್ದಿ ತಿಳಿದ ಮೇಲೆ ನಾನು ಅವರ ಒಪ್ಪಿಗೆ ಕೇಳಿದೆ: ನೀವೂ ಕೂತಿರಿ, ನಾನೇ ಮಗನಿಗೆ ಹೇಳುತ್ತೇನೆ. ಬಹಳ ಹೊತ್ತಿನ ಮೇಲೆ ಒಪ್ಪಿದರು. ಮಗ ಮೊದಲು ಸಿಟ್ಟಾದ. "ಅಪ್ಪಾ, ನನ್ನ ಒಂದು ಮಾತು ಕೇಳಬಾರದಿತ್ತಾ?" ಎಂದ. ಮೇಷ್ಟ್ರು ತಲೆ ತಗ್ಗಿಸಿದರು. ಸ್ವಲ್ಪ ಹೊತ್ತಾದ ಮೇಲೆ ಮಗನೇ ಕುರ್ಚಿ ಎಳೆದುಕೊಂಡು ಅವರ ಪಕ್ಕ ಕೂತು ಆ ಕಾಗದವನ್ನು ಮೊದಲಿನಿಂದ ಓದಿದ. ಹೋದ ಹಣ ಬರಲಿಲ್ಲ. ಐದನೆಯ ಕಂತು ಹೋಗಲಿಲ್ಲ. ಮುಂದಿನ ಭೇಟಿಯಲ್ಲಿ ರಕ್ತದೊತ್ತಡ ಇಳಿದಿತ್ತು.

ಮನೆಯಲ್ಲಿ ಮಾಡಬೇಕಾದದ್ದು

ಇಂಥ ಪತ್ರಕ್ಕೆ ಉತ್ತರ ಬೇಡ, ಬೈಯುವುದಕ್ಕೂ ಬೇಡ. ಒಮ್ಮೆ ಉತ್ತರಿಸಿದ ವಿಳಾಸ, ಅದರಲ್ಲೂ ಒಮ್ಮೆ ಹಣ ಕಳಿಸಿದವರ ಹೆಸರು, ಪಟ್ಟಿಯಾಗಿ ಮಾರಾಟವಾಗುತ್ತದೆ. ಹೋದ ಹಣ ವಾಪಸು ಕೊಡಿಸುತ್ತೇವೆ ಎಂದು ಶುಲ್ಕ ಕೇಳಿ ಬರುವ ಮುಂದಿನ ಕರೆ ಸಾಮಾನ್ಯವಾಗಿ ಅದೇ ಗುಂಪಿನದು. ಹಣ ಹೋಗಿದ್ದರೆ ಆ ಕ್ಷಣವೇ ಬ್ಯಾಂಕಿಗೋ ಕಾರ್ಡಿನ ಕಂಪನಿಗೋ ಫೋನ್ ಮಾಡಿ; ಮೊದಲ ಕೆಲವು ಗಂಟೆಗಳಲ್ಲಿ ತಡೆಯುವ ಅವಕಾಶವಿರುತ್ತದೆ. ಫೆಡರಲ್ ಟ್ರೇಡ್ ಕಮಿಷನ್ನಿಗೂ ಎಫ್‌ಬಿಐನ ಐಸಿ3 ಜಾಲತಾಣಕ್ಕೂ ದೂರು ಕೊಡಿ. ಕಾಗದದ ಮೂಲಕ ಬಂದಿದ್ದರೆ ಅಂಚೆ ಇಲಾಖೆಯ ಇನ್‌ಸ್ಪೆಕ್ಷನ್ ಸರ್ವಿಸ್‌ಗೆ ತಿಳಿಸಿ. ಅರವತ್ತು ದಾಟಿದವರಿಗೆಂದೇ ಅಮೆರಿಕದ ನ್ಯಾಯ ಇಲಾಖೆಯ ಸಹಾಯವಾಣಿ ಇದೆ: 833-372-8311. ಭಾರತದಲ್ಲಿ ಇರುವವರು 1930ಕ್ಕೆ ಕರೆ ಮಾಡಬೇಕು. ಸೈಬರ್ ಅಪರಾಧಕ್ಕೆಂದೇ ದೇಶದ ಮೊದಲ ಪೊಲೀಸ್ ಠಾಣೆ 2001ರಲ್ಲಿ ಆರಂಭವಾದದ್ದು ನಮ್ಮ ಬೆಂಗಳೂರಿನಲ್ಲೇ.

ಇವೆಲ್ಲಕ್ಕಿಂತ ಮೊದಲು ಇನ್ನೊಂದು ಕೆಲಸವಿದೆ. ಈ ವಾರ ಊರಿಗೆ ಫೋನ್ ಮಾಡಿದಾಗಲೋ, ರಾತ್ರಿ ಊಟಕ್ಕೆ ಕೂತಾಗಲೋ, ನಿಮಗೆ ಬಂದ ಒಂದು ಸುಳ್ಳು ಸಂದೇಶವನ್ನು ನೀವೇ ಮೊದಲು ಹೇಳಿ: ನನಗೂ ಇಂಥದ್ದು ಬಂದಿತ್ತು, ಒಂದು ಕ್ಷಣ ನಂಬಿಯೂಬಿಟ್ಟಿದ್ದೆ. ಆಮೇಲೆ, ನಿಮಗೆ ಏನಾದರೂ ಬಂದಿತ್ತಾ ಅಪ್ಪಾ ಎಂದು ಕೇಳಿ, ಉತ್ತರಕ್ಕೆ ಸ್ವಲ್ಪ ಕಾಯಿರಿ.